ಅಟ್ಟದ ಮೇಲಿದ್ದ ಚೈನ್ ಸಾ, ನಮ್ಮ ಹೊಸಕೋಟೆ ಸೀಮೆಯ ನೀಲಗಿರಿ

ಈ ಸಲ ಬೆಳೆ ವಿಚಾರ ಅಲ್ಲ, ಒಂದು ಹಳೇ ಮಿಷನ್ ವಿಚಾರ. ಸ್ವಲ್ಪ ಉದ್ದ ಐತೆ, ಬಿಡುವಾದಾಗ ಓದಿ.

ನಮ್ಮ ಕೊಟ್ಟಿಗೆ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಮರ ಕುಯ್ಯೋ ಮಿಷನ್ ಇತ್ತು. ಚೈನ್ ಸಾ ಅಂತೀವಲ್ಲ, ಅದೇ. 1999ರಲ್ಲಿ ನಮ್ಮ ನೀಲಗಿರಿ ತೋಪು ಎರಡನೇ ಸಲ ಕುಯ್ಯಕ್ಕೆ ಬಂದ ಮೇಸ್ತ್ರಿ, ಅಪ್ಪನ ಹತ್ರ ಮುಂಗಡ ಈಸ್ಕೊಂಡು ಅದನ್ನ ಅಡವಿಟ್ಟು ಹೋದ. ಆಮೇಲೆ ಆಸಾಮಿ ಈ ಕಡೆ ತಲೆ ಹಾಕಲಿಲ್ಲ. ಯಾವ ಕಂಪ್ನಿದು ಅಂತ ಬರೆಯಲ್ಲ. ಬಾರು ಚೈನು ಬಿಟ್ಟೇ ಹತ್ತು ಕೆಜಿ ಮೇಲೆ ತೂಗುತ್ತೆ. ಎಂಜಿನ್ನು 100 ಸಿಸಿಗಿಂತ ಜಾಸ್ತಿ, ಅಂದ್ರೆ ನಾವು ಸಂತೆಗೆ ಓಡಿಸೋ ಬೈಕಿನಷ್ಟು. ಈ ವರ್ಷ ಉಳಿದಿರೋ ಅರ್ಧ ಎಕರೆ ನೀಲಗಿರಿ ತೆಗೆದು ಹುಣಸೆ, ಹಲಸು ಹಾಕೋಣ ಅಂತ ತೀರ್ಮಾನ ಮಾಡಿದಾಗ ಅದನ್ನ ಕೆಳಗಿಳಿಸಿದೆ. ಗುಜರಿಯವನು ತೂಕಕ್ಕೆ ಕೇಳ್ದ, ಕೊಡಲಿಲ್ಲ. ಈ ತೋಪು ಕುಯ್ದ ಮಿಷನ್ನೇ ಈ ತೋಪನ್ನ ಮುಗಿಸಲಿ ಅಂತ ಒಂದು ಹಟ ಬಂತು.

ಬಿಚ್ಚೋಕೆ ಮುಂಚೆ ಇದು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳ್ತೀನಿ. ಹಲ್ಲು ಕೂರಿಸಿದ ಸರಪಳಿ ಓಡಿಸಿ ಕುಯ್ಯೋ ಯೋಚನೆ ಶುರುವಾಗಿದ್ದು ಮರಕ್ಕಲ್ಲ, ಮನುಷ್ಯರ ಮೂಳೆಗೆ. ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಅನ್ನೋರು 1830ರಲ್ಲಿ ಕೈಯಲ್ಲಿ ಹಿಡಿ ತಿರುಗಿಸಿದರೆ ಸಣ್ಣ ಸರಪಳಿ ಓಡಿ ಮೂಳೆ ಕುಯ್ಯೋ ಸಾಧನ ಮಾಡಿದ್ರು. ಮರಕ್ಕೆ ಪೆಟ್ರೋಲ್ ಮಿಷನ್ ಬರೋಕೆ ಇನ್ನೂ ನೂರು ವರ್ಷ ಬೇಕಾಯ್ತು. ಅದೇ ದೇಶದಲ್ಲಿ ಆಂಡ್ರಿಯಾಸ್ ಸ್ಟಿಲ್ ಅನ್ನೋರು 1926ರಲ್ಲಿ ಕರೆಂಟಿನ ಚೈನ್ ಸಾ ಮಾಡಿದ್ರು. 1927ರಲ್ಲಿ ಎಮಿಲ್ ಲೆರ್ಪ್ ಅನ್ನೋರು ಡೊಲ್ಮಾರ್ ಅನ್ನೋ ಬೆಟ್ಟದ ಮೇಲೆ ಪೆಟ್ರೋಲ್ ಮಿಷನ್ ಓಡಿಸಿ ತೋರಿಸಿದ್ರು. ಅದರ ತೂಕ 58 ಕೆಜಿ, ಎತ್ತೋಕೆ ಇಬ್ಬರು ಬೇಕು. ಒಬ್ಬನೇ ಹಿಡಿಯೋ ಪೆಟ್ರೋಲ್ ಮಿಷನ್ನುಗಳು ಕೈಗೆ ಬಂದಿದ್ದು 1950ರ ಆಸುಪಾಸಿನಲ್ಲಿ.

ನಮ್ಮ ಕಡೆ ಆಗ ಏನಿತ್ತು? ಕೊಡಲಿ ಮತ್ತು ಇಬ್ಬರು ಎಳೆಯೋ ಗರಗಸ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸೋಕೆ ಶುರು ಮಾಡ್ತು. ಆ ಇದ್ದಿಲಿಗೆ ಬೇಕಾದ ಮಲೆನಾಡಿನ ಮರವೆಲ್ಲ ಮನುಷ್ಯರ ರಟ್ಟೆ ಬಲದಲ್ಲೇ ಉರುಳಿದ್ದು. ನಮ್ಮೂರಲ್ಲೂ ಹಲಗೆ ಬೇಕು ಅಂದ್ರೆ ಗುಂಡಿ ತೋಡಿ, ಮೇಲೆ ದಿಮ್ಮಿ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೀತಿದ್ರು. ಕೆಳಗಿದ್ದವನ ಕಣ್ಣಲ್ಲಿ ದಿನವೆಲ್ಲ ಹೊಟ್ಟು.

ಈಗ ನನ್ನ ಮಿಷನ್ನಿಗೆ ಬರ್ತೀನಿ. ಹಗ್ಗ ಎಳೆದರೆ ಎಂಜಿನ್ನು ತಿರುಗಲೇ ಇಲ್ಲ. ಬಲ ಹಾಕಬಾರದು, ಇದನ್ನ ನೆನಪಿಟ್ಕೊಳ್ಳಿ. ಪ್ಲಗ್ ಬಿಚ್ಚಿ ಆ ತೂತಿಗೆ ಎರಡು ಚಮಚ ಟು-ಟಿ ಆಯಿಲ್ ಬಿಟ್ಟು ಮೂರು ದಿನ ಹಾಗೇ ಇಟ್ಟೆ. ನಾಲ್ಕನೇ ದಿನ ಫ್ಲೈವೀಲನ್ನ ಕೈಯಲ್ಲೇ ಹಿಂದೆ ಮುಂದೆ ಆಡಿಸಿದಾಗ ಬಿಟ್ಟುಕೊಳ್ತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ರೆ ಪಿಸ್ಟನ್ ಮೇಲೆ ಗೀರು ಇರಲಿಲ್ಲ. ಆ ಗೀರು ಇದ್ದಿದ್ರೆ ಅವತ್ತೇ ಗುಜರಿಗೆ ಹಾಕ್ತಿದ್ದೆ. ಖರ್ಚು ಮಾಡೋಕೆ ಮುಂಚೆ ನೋಡಬೇಕಾದ ಜಾಗ ಅದೊಂದೇ.

ಕಿಡಿ ಬರ್ತಿರಲಿಲ್ಲ. ಹಳೇ ಮಿಷನ್ ಆದ್ದರಿಂದ ಫ್ಲೈವೀಲ್ ಕೆಳಗೆ ಪಾಯಿಂಟ್ ಐತೆ, ಹಳೇ ಸ್ಕೂಟರಿನಲ್ಲಿ ಇರ್ತಿತ್ತಲ್ಲ ಹಾಗೆ. ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದು, ನಯವಾದ ಎಮರಿ ಕಾಗದದಲ್ಲಿ ಪಾಯಿಂಟ್ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸಂದು ಸರಿ ಮಾಡಿದೆ. ನೀಲಿ ಕಿಡಿ ಬಂತು. ಪೆಟ್ರೋಲ್ ಟ್ಯಾಂಕಿನಲ್ಲಿ ಬೆಲ್ಲದ ಪಾಕದ ಥರ ಅಂಟು ಕೂತಿತ್ತು. ಕಾರ್ಬುರೇಟರಿನ ಒಳಗಿನ ಡಯಾಫ್ರಮ್ ಒಣಗಿ ಹಪ್ಪಳ ಆಗಿತ್ತು. ಬೈಕಿನ ಕಾರ್ಬುರೇಟರಿನಲ್ಲಿ ಫ್ಲೋಟ್ ಇರುತ್ತೆ, ಅದು ನೆಟ್ಟಗಿದ್ರೆ ಮಾತ್ರ ಸರಿಯಾಗಿ ಕೆಲಸ ಮಾಡೋದು. ಚೈನ್ ಸಾದಲ್ಲಿ ಆ ಜಾಗಕ್ಕೆ ಈ ತೆಳು ಪೊರೆ ಬಂತು. ಅದಕ್ಕೇ ಮಿಷನ್ ಮಗ್ಗುಲಾಗಿಸಿದ್ರೂ, ತಲೆಕೆಳಗು ಹಿಡಿದ್ರೂ ಓಡುತ್ತೆ. ಬುಡದಲ್ಲಿ ಅಡ್ಡ ಕುಯ್ಯೋಕೆ, ಕೊಂಬೆ ಮೇಲಿಂದ ಕೆಳಕ್ಕೆ ಕುಯ್ಯೋಕೆ ಒಬ್ಬನಿಗೇ ಸಾಧ್ಯ ಆಗಿದ್ದು ಈ ಕಾಸಿನಗಲದ ಪೊರೆಯಿಂದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ತಿರುಗಿದ ಮೇಲೆ ಕಿಟ್ ಸಿಕ್ತು.

ಚೈನಿನದು ಇನ್ನೊಂದು ಕತೆ. ಮೊದಲು ಚೈನಿಗೆ ಗರಗಸದ ಥರದ್ದೇ ಹಲ್ಲು ಇರ್ತಿತ್ತು, ಮರವನ್ನ ಕೆರೀತಿತ್ತು, ಬೇಗ ಮೊಂಡಾಗ್ತಿತ್ತು. ಅಮೆರಿಕದ ಒರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನೋ ಮರ ಕುಯ್ಯೋನು 1946ರಲ್ಲಿ ಒಂದು ಬೊಡ್ಡೆಯಲ್ಲಿ ದುಂಬಿಯ ಹುಳ ಮರ ಕೊರೀತಿರೋದನ್ನ ಗಮನಿಸಿದ. ಅದು ಎಡಕ್ಕೊಂದು ಬಲಕ್ಕೊಂದು ದವಡೆ ಹಾಕಿ ಚೆಕ್ಕೆ ಎಬ್ಬಿಸ್ತಿತ್ತು. ಅದನ್ನೇ ನೋಡಿ ಚೈನಿಗೆ ಎಡಬಲ ಬಾಗಿದ ಹಲ್ಲು ಮಾಡಿ, 1947ರಲ್ಲಿ ಕಂಪ್ನಿ ಶುರು ಮಾಡಿದ. ಮಾವಿನ ತೋಟ ಇರೋರಿಗೆ ಕಾಂಡಕೊರಕ ಹುಳ ಗೊತ್ತಲ್ಲ, ಅದರ ಜಾತಿಯದ್ದೇ ಆ ಹುಳ. ನಾವು ತಂತಿ ಹಾಕಿ ಎಳೆದು ಸಾಯಿಸ್ತೀವಿ, ಅವನು ಕೂತು ನೋಡಿದ. ಇವತ್ತಿಗೂ ಚೈನಿನ ಹಲ್ಲು ಅದೇ ಮಾದರಿ. ನಾನು ದುಂಡನೆ ಅರದಲ್ಲಿ ಒಂದೊಂದು ಹಲ್ಲಿಗೆ ನಾಲ್ಕು ಸಲ ಉಜ್ಜಿದೆ, ಎಡಗಡೆದೆಲ್ಲ ಮುಗಿಸಿ ಆಮೇಲೆ ಬಲಗಡೆದು. ಎರಡೂ ಕಡೆ ಲೆಕ್ಕ ಒಂದೇ ಇರಬೇಕು, ಇಲ್ಲಾಂದ್ರೆ ಬಾರು ಒಂದು ಕಡೆಗೆ ಎಳೆಯುತ್ತೆ.

ಅರ ಹಾಕ್ತಾ ಕೂತಾಗ ಅಪ್ಪನ ನೆನಪು ಬಂತು. ಅದನ್ನೂ ಬರೀಬೇಕು.

ನೀಲಗಿರಿ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಆಸ್ಟ್ರೇಲಿಯಾದ ಬೀಜ ಬಂತು. ಊಟಿ ಕಡೆಯ ನೀಲಗಿರಿ ಬೆಟ್ಟದಲ್ಲಿ ಹಾಕಿದ್ದು ಅದಾದ ಮೇಲೆ, 1843ರಲ್ಲಿ. ಹೆಸರು ಮಾತ್ರ ಆ ಬೆಟ್ಟದ್ದೇ ಉಳೀತು. ಆದರೆ ರೈತರ ಹೊಲಕ್ಕೆ ಅದು ನುಗ್ಗಿದ್ದು 1980ರ ದಶಕದಲ್ಲಿ. ವಿಶ್ವಬ್ಯಾಂಕಿನ ಸಾಲದಿಂದ 1983ರ ಹೊತ್ತಿಗೆ ಸಾಮಾಜಿಕ ಅರಣ್ಯ ಯೋಜನೆ ಬಂತು, ನರ್ಸರಿಯಲ್ಲಿ ಸಸಿ ಸಿಗ್ತಿತ್ತು. ದನ ಮೇಯಲ್ಲ, ಕಳೆ ಕೀಳಂಗಿಲ್ಲ, ಆಳು ಬೇಡ. ಏಳು ವರ್ಷಕ್ಕೆ ಒಂದು ಸಲ ಕುಯ್ದರೆ ಬೊಡ್ಡೆಯಿಂದ ಕೂಳೆ ಮತ್ತೆ ಚಿಗುರುತ್ತೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಇಂಥವನ್ನ ಕುಯ್ಯೋಕೆ ಅನುಮತಿ ಬೇಡ ಅಂತ ಬಿಟ್ಟವ್ರೆ. ಹೊಂಗೆ, ಹುಣಸೆ ಕಡೀಬೇಕು ಅಂದ್ರೆ ಅರ್ಜಿ ಹಾಕಬೇಕು. ಮಳೆ ನಂಬಿಕೊಂಡು ರಾಗಿ, ಅವರೆ ಬೆಳೆಯೋನಿಗೆ ಯಾವುದು ಸಲೀಸಾಗಿ ಕಾಣುತ್ತೆ, ನೀವೇ ಹೇಳಿ.

ವಿರೋಧವೂ ಆಗಲೇ ಇತ್ತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದ್ರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಆಯ್ತು. ಹರಿಹರದ ಪಾಲಿಫೈಬರ್ ಕಾರ್ಖಾನೆಗೆ ನೀಲಗಿರಿ ಬೆಳೆಸೋಕೆ ಅಂತ ಹಳ್ಳಿ ಜನರ ಗೋಮಾಳವನ್ನ ಕೊಟ್ಟಿದ್ದರ ವಿರುದ್ಧ ನಡೆದ ಹೋರಾಟ ಅದು.

ಅಪ್ಪ ನಮ್ಮ ಎರಡು ಎಕರೆಗೆ ನೀಲಗಿರಿ ಹಾಕಿದ್ದು 1985ರ ಮುಂಗಾರಿನಲ್ಲಿ. 1992ರಲ್ಲಿ ಮೊದಲ ಕುಯ್ಲು. ಆ ದುಡ್ಡಲ್ಲಿ ಅಕ್ಕನ ಮದುವೆ ಆಯ್ತು. ಬೆಂಗಳೂರು ಬೆಳೀತಿತ್ತು, ಸೆಂಟ್ರಿಂಗ್ ಕಂಬಕ್ಕೆ ಗಿರಾಕಿ ಇತ್ತು, ಶಿಡ್ಲಘಟ್ಟ ಕಡೆಯ ರೇಷ್ಮೆ ನೂಲು ಬಿಚ್ಚೋರಿಗೆ ಸೌದೆ ಬೇಕಿತ್ತು. ನಾಲ್ಕು ಆಳು ಕೊಡಲಿ ಹಿಡಿದು ವಾರಗಟ್ಟಲೆ ಮಾಡೋ ಕೆಲಸವನ್ನ ಮೇಸ್ತ್ರಿ ಮಿಷನ್ ಹಿಡಿದು ಎರಡು ದಿನಕ್ಕೆ ಮುಗಿಸ್ದ, ಮೂರನೇ ದಿನ ಲಾರಿ ಹೊರಟಿತ್ತು. 1996ರಲ್ಲಿ ನಮ್ಮ ನಲವತ್ತಡಿ ಬಾವಿ ಒಣಗ್ತು. ನಾನು ಅಪ್ಪನ ಮೇಲೆ ಕೂಗಾಡಿದೆ. "ನಿನ್ನ ನೀಲಗಿರೀನೇ ನಮ್ಮ ಬಾವಿ ಕುಡೀತು" ಅಂದೆ. ಅಪ್ಪ ಏನೂ ಅನ್ನಲಿಲ್ಲ. 2011ರಲ್ಲಿ ತೀರಿಕೊಳ್ಳೋವರೆಗೂ ಆ ತೋಪಿನ ವಿಚಾರ ನಮ್ಮಿಬ್ಬರ ಮಧ್ಯೆ ಮತ್ತೆ ಬರಲಿಲ್ಲ.

ನಾನು ಅಂದಿದ್ದು ಸುಳ್ಳಲ್ಲ. ಇಂಗ್ಲೆಂಡಿನ ಜಲ ವಿಜ್ಞಾನಿಗಳು ನಮ್ಮ ಅರಣ್ಯ ಇಲಾಖೆಯವರ ಜೊತೆ ಸೇರಿ ಶಿವಮೊಗ್ಗ ಕಡೆ ಮತ್ತು ನಮ್ಮ ಹೊಸಕೋಟೆಯಲ್ಲೇ ನೀಲಗಿರಿ ಕುಡಿಯೋ ನೀರು ಅಳೆದವ್ರೆ. ಅದರ ವರದಿ 1997ರಲ್ಲಿ ಅಚ್ಚಾಯ್ತು. ಮಣ್ಣು ಮೂರು ಮೀಟರಿನಷ್ಟೇ ಇರೋ ಕಡೆ ಮರ ಕುಡಿದ ನೀರು ಬಿದ್ದ ಮಳೆಗೆ ಹೆಚ್ಚುಕಮ್ಮಿ ಸಮ ಇತ್ತು. ಆದರೆ ಮಣ್ಣು ಆಳ ಇರೋ ಹೊಸಕೋಟೆಯ ತೋಪಿನಲ್ಲಿ ಮೂರು ವರ್ಷಕ್ಕೆ ಬಿದ್ದ ಮಳೆ 2100 ಮಿಲಿಮೀಟರ್, ಮರ ಕುಡಿದಿದ್ದು 3400 ಮಿಲಿಮೀಟರ್. ಬಾಕಿ 1300 ಎಲ್ಲಿಂದ ಬಂತು? ಬೇರು ವರ್ಷ ವರ್ಷ ಕೆಳಕ್ಕಿಳಿದು, ತಾತನ ಕಾಲದಿಂದ ಮಣ್ಣು ಹಿಡಿದಿಟ್ಟಿದ್ದ ತೇವಾನ ಎಳೀತು. ಬ್ಯಾಂಕಿನಲ್ಲಿ ಬಡ್ಡಿ ತಿಂದು ಅಸಲಿಗೂ ಕೈ ಹಾಕಿದಂಗೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಆದೇಶ ಮಾಡ್ತು. ವರದಿ ಬಂದು ಇಪ್ಪತ್ತು ವರ್ಷ ಆದ ಮೇಲೆ!

ಆದರೆ ಪೂರ್ತಿ ನಿಜವೂ ಅಲ್ಲ. ಅದೇ ಹತ್ತು ವರ್ಷದಲ್ಲಿ ನಮ್ಮ ಸುತ್ತ ಕೊಳವೆಬಾವಿ ಎಷ್ಟು ಕೊರೆದ್ವಿ, ಕೆರೆ ಕಾಲುವೆ ಎಷ್ಟು ಮುಚ್ಚಿದ್ವಿ, ಪಿನಾಕಿನಿ ಹೊಳೆಯ ಮರಳು ಎಷ್ಟು ತುಂಬಿದ್ವಿ. ಅದೆಲ್ಲ ಅಪ್ಪ ಮಾಡಿದ್ದಲ್ಲ. ಇನ್ನೊಂದು ವಿಷಯ, ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. 1985ರಲ್ಲಿ ಆ ಗುಂಡಿಗಳನ್ನ ತೋಡಿದ್ದು ನಾನೇ. ಆಗ ಒಂಬತ್ತನೇ ಕ್ಲಾಸ್ ಮುಗಿದಿತ್ತು. ರಾಗಿ ಕಳೆ ಕೀಳೋದು ತಪ್ಪುತ್ತೆ ಅಂತ ಖುಷಿಯಿಂದ ಸಸಿ ಹೊತ್ತು ತಂದಿದ್ದೂ ನಾನೇ. ಬಾವಿ ಒಣಗಿದ ದಿನ ಅದು ನನಗೆ ನೆನಪಾಗಲಿಲ್ಲ. ಅಪ್ಪನಿಗೆ ನೆನಪಿತ್ತೋ ಏನೋ, ಬಾಯಿ ಬಿಡಲಿಲ್ಲ.

ಮಿಷನ್ ಜೋಡಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಗ್ಗ ಎಳೆದೆ. ಆರನೇ ಎಳೆತಕ್ಕೆ ಹೊತ್ತಿಕೊಳ್ತು. ಕೊಟ್ಟಿಗೆ ತುಂಬ ಹೊಗೆ, ಹಸು ಹಗ್ಗ ಕಿತ್ಕೊಂಡು ಓಡ್ತು. ಆದರೆ ಎಂಜಿನ್ನು ತಾನಾಗೇ ಏರ್ತಾ ಹೋಯ್ತು, ಆಕ್ಸಿಲೇಟರ್ ಬಿಟ್ರೂ ಇಳೀಲಿಲ್ಲ. ತಕ್ಷಣ ಆಫ್ ಮಾಡಿದೆ. ಹಾಗಾದ್ರೆ ಎಲ್ಲೋ ಗಾಳಿ ಎಳೀತೈತೆ ಅಂತ ಅರ್ಥ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗೋದು, ಗಾಳಿ ಜಾಸ್ತಿ ಆದ್ರೆ ಆಯಿಲ್ ಕಮ್ಮಿ, ಐದು ನಿಮಿಷದಲ್ಲಿ ಪಿಸ್ಟನ್ ಹಿಡ್ಕೊಳ್ಳುತ್ತೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಸೀಳಿತ್ತು. ಎರಡೂ ಕಡೆ ಹೊಸದು ಹಾಕಿದ ಮೇಲೆ ಸಮನಾಗಿ ನಿಂತು ಓಡ್ತು.

ಮಗ ನೋಡಿ "ಅಪ್ಪಾ, ಭಾನುವಾರ ನಾನೇ ಕುಯ್ತೀನಿ ಬಿಡು" ಅಂದ. ಬೇಡ ಅಂದೆ. ಇದರಲ್ಲಿ ಚೈನ್ ಬ್ರೇಕ್ ಇಲ್ಲ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಮಿಷನ್ ಹಿಂದಕ್ಕೆ ಒದೆಯುತ್ತೆ, ಮುಖಕ್ಕೋ ಕತ್ತಿಗೋ ಬರುತ್ತೆ. ಅದನ್ನ ತಡೆಯೋ ಬ್ರೇಕು 1970ರ ದಶಕದಲ್ಲಿ ಬಂತು, ಇದು ಅದಕ್ಕಿಂತ ಹಳೇ ಮಾದರಿ. ಹಿಡಿಯಲ್ಲಿ ರಬ್ಬರೂ ಇಲ್ಲ. ನಮ್ಮ ಮೇಸ್ತ್ರಿಯ ಬೆರಳು ಬೆಳಿಗ್ಗೆ ಚಳಿಯಲ್ಲಿ ಸುಣ್ಣದಂಗೆ ಬೆಳ್ಳಗಾಗ್ತಿದ್ವು, ಬೀಡಿ ಹಿಡಿಯೋಕೂ ಆಗ್ತಿರಲಿಲ್ಲ. ಅದು ಮಿಷನ್ ನಡುಕದಿಂದ ಬಂದಿದ್ದು ಅಂತ ನನಗೆ ಗೊತ್ತಾಗಿದ್ದು ಈಗ. ಅವನು ವಾಪಸ್ ಬರಲಿಲ್ಲ ಅಂತ ಅಪ್ಪ ಬೈತಿದ್ರು. ಆ ಕೈಯಲ್ಲಿ ಇದನ್ನ ಮತ್ತೆ ಹಿಡಿಯೋಕೆ ಆಗ್ತಿತ್ತೋ ಇಲ್ವೋ.

ನಿಂತ ಮರಗಳನ್ನ ಬ್ರೇಕ್ ಇರೋ ಬಾಡಿಗೆ ಮಿಷನ್ನಿನವರು ಕುಯ್ದರು. ಹಳೇ ಮಿಷನ್ನಿನಲ್ಲಿ ನಾನು ಮಾಡಿದ್ದು ನೆಲಕ್ಕೆ ಬಿದ್ದ ದಿಮ್ಮಿ ತುಂಡು ಮಾಡೋದಷ್ಟೇ. ಕಿವಿಗೆ ಹತ್ತಿ, ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು ಹಾಕ್ಕೊಂಡು, ಕಾಲು ಗಂಟೆಗೊಂದು ಸಲ ನಿಲ್ಲಿಸಿ ಕೈ ಉಜ್ಜಿಕೊಳ್ತಾ ಎರಡು ದಿನ ಮಾಡಿದೆ. ಬೊಡ್ಡೆ ಜೆಸಿಬಿಯಲ್ಲಿ ಕೀಳಿಸಿದ್ವಿ. ಅವ್ವನಿಗೆ ಎಂಬತ್ತು ದಾಟೈತೆ. ಬದುವಿನ ಮೇಲೆ ಕೂತು ನೋಡ್ತಿದ್ದೋಳು "ಗುಂಡಿ ಮುಚ್ಚಬೇಡ ಕಣಪ್ಪ, ಅದರಲ್ಲೇ ಹುಣಸೆ ಇಡು, ನಿಮ್ಮಪ್ಪ ಮುಂಚೆ ಅಂದ್ಕೊಂಡಿದ್ದು ಅದೇ" ಅಂದಳು. ನನಗೆ ಗೊತ್ತಿರಲಿಲ್ಲ.

ಹನ್ನೆರಡು ಹುಣಸೆ, ಎಂಟು ಹಲಸು ಇಟ್ಟಿದ್ದೀನಿ. ಬಾವಿಗೆ ನೀರು ಬರುತ್ತೆ ಅಂತ ಹೇಳೋಕಾಗಲ್ಲ, ಬರದೇ ಇರಬಹುದು. ಮಿಷನ್ನಿನ ಪೆಟ್ರೋಲ್ ಖಾಲಿ ಮಾಡಿ, ಪ್ಲಗ್ಗಿನ ತೂತಿಗೆ ಆಯಿಲ್ ಬಿಟ್ಟು, ಚೈನ್ ಬಿಚ್ಚಿ ಬೇರೆ ಇಟ್ಟು, ಮತ್ತೆ ಅಟ್ಟಕ್ಕೆ ಹಾಕಿದೆ. ಆ ಮೇಸ್ತ್ರಿ ಅಥವಾ ಅವನ ಮಕ್ಕಳು ಯಾರಾದ್ರೂ ಬಂದು ಕೇಳಿದ್ರೆ ದುಡ್ಡು ಕೇಳದೆ ಕೊಡ್ತೀನಿ, ಬ್ರೇಕ್ ಇಲ್ಲ ಅಂತ ಹೇಳಿ ಕೊಡ್ತೀನಿ. ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ರೆ, ಹಗ್ಗ ಎಳೆಯೋಕೆ ಮುಂಚೆ ಪ್ಲಗ್ ಬಿಚ್ಚಿ ಎರಡು ಚಮಚ ಆಯಿಲ್ ಬಿಡೋದನ್ನ ಮಾತ್ರ ಮರೀಬೇಡಿ.