ಇಗರ್ಜಿ

ಇಗರ್ಜಿ (ನಾ.): ಕ್ರೈಸ್ತರ ಪ್ರಾರ್ಥನಾ ಮಂದಿರ. ರಿಪ್ಪನ್‌ಪೇಟೆ, ಸಾಗರ, ತೀರ್ಥಹಳ್ಳಿ ಸೀಮೆಯ ಕೊಂಕಣಿ ಕ್ರೈಸ್ತರ ಮಾತಿನಲ್ಲಿ 'ಇಗರ್ಜ್'. ಭಾನುವಾರ ಪೂಜೆಗೆ ಹೊರಟವರು 'ಇಗರ್ಜೆಕ್ ವೆತಾಂ' ಎನ್ನುತ್ತಾರೆ.

ಪದ ಬಂದದ್ದು ಪೋರ್ಚುಗೀಸಿನ 'ಇಗ್ರೇಜ'ದಿಂದ. ಅದರ ಬೇರು ಗ್ರೀಕಿನ 'ಎಕ್ಲೇಸಿಯ'. ಗ್ರೀಕಿನಲ್ಲಿ ಅದು ಕಟ್ಟಡವಲ್ಲ, ಕೂಡಿದ ಜನರ ಸಭೆ. ಆದಿ ಕ್ರೈಸ್ತರು ಮನೆಗಳಲ್ಲೇ ಸೇರಿ ರೊಟ್ಟಿ ಮುರಿದು ಹಂಚಿಕೊಂಡರು, ಇಲ್ಲದವರಿಗೆ ಕೊಟ್ಟರು. 313ರಲ್ಲಿ ರೋಮನ್ ಸಾಮ್ರಾಟ ಕಾನ್‌ಸ್ಟಂಟೈನ್ ಮತಕ್ಕೆ ಮಾನ್ಯತೆ ಕೊಟ್ಟ ಮೇಲೆ ಭವ್ಯ ಮಂದಿರಗಳು ಎದ್ದವು. ಆಸ್ತಿ, ಅಧಿಕಾರ ಬೆಳೆದವು. ಹೆಸರು ಜನರನ್ನು ಬಿಟ್ಟು ಗೋಡೆಗೆ ಅಂಟಿತು. ಹಂಚಿಕೊಂಡು ಬಾಳುವ ಬೋಧನೆ ಎಷ್ಟೋ ಕಡೆ ಹಿಂದೆ ಸರಿಯಿತು.

ಕನ್ನಡ ಬೈಬಲಿನಲ್ಲಿ 'ಎಕ್ಲೇಸಿಯ' ಪದಕ್ಕೆ ಇರುವುದು 'ಸಭೆ' ಎಂದೇ. ಇಗರ್ಜಿ ಕಟ್ಟುವವರು ಮೊದಲು ಸಭೆಯನ್ನು ಕಟ್ಟಲಿ.