ಗ್ರಾಫೈಟ್ ಆಗಲೊಪ್ಪದ ಇದ್ದಿಲು

ಸೋಡಿಯಂ ಅಯಾನ್ ಬ್ಯಾಟರಿಯ ಕಥೆಯನ್ನು ಸಾಮಾನ್ಯವಾಗಿ 1980ರ ಆಸುಪಾಸಿನಿಂದ ಶುರು ಮಾಡುತ್ತಾರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು ಬಂದ ನಾನು ಅದನ್ನು ರೋಸಲಿಂಡ್ ಫ್ರಾಂಕ್ಲಿನ್ ಅವರ ಕುಲುಮೆಯಿಂದಲೇ ಶುರು ಮಾಡುತ್ತೇನೆ. ಡಿಎನ್‌ಎ ಚಿತ್ರದ ಫ್ರಾಂಕ್ಲಿನ್ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಆಕೆ ಕಲ್ಲಿದ್ದಲಿನ ವಿಜ್ಞಾನಿ. ಆ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲವೆಂಬ ಕೊರಗು ನನ್ನದು.

ಯುದ್ಧ ನಡೆಯುತ್ತಿದ್ದ 1942ರಲ್ಲಿ ಆಕೆ ಬ್ರಿಟನ್ನಿನ ಕಲ್ಲಿದ್ದಲು ಸಂಶೋಧನಾ ಸಂಘ ಸೇರಿ, ಹೀಲಿಯಂ ಅನಿಲ ಹೊಗಿಸಿ ಕಲ್ಲಿದ್ದಲಿನೊಳಗಿನ ಅತಿಸಣ್ಣ ರಂಧ್ರಗಳನ್ನು ಅಳೆದರು. 1947ರಲ್ಲಿ ಪ್ಯಾರಿಸ್ಸಿಗೆ ಹೋಗಿ ಝಾಕ್ ಮೆರಿಂಗ್ ಅವರ ಬಳಿ ಕ್ಷ-ಕಿರಣ ವಿವರ್ತನೆ ಕಲಿತರು. ಬಗೆಬಗೆಯ ಇದ್ದಿಲನ್ನು 3000 ಡಿಗ್ರಿವರೆಗೂ ಕಾಯಿಸಿ, ಒಳಗೆ ಇಂಗಾಲದ ಪದರಗಳು ಹೇಗೆ ಕೂತಿವೆ ಎಂದು ನೋಡಿದರು. 1951ರ ಪ್ರಬಂಧದಲ್ಲಿ ಆಕೆ ಇಂಗಾಲವನ್ನು ಎರಡು ಜಾತಿಯಾಗಿ ವಿಂಗಡಿಸಿದರು. ಒಂದು, ಕಾಯಿಸಿದಷ್ಟೂ ಪದರಗಳು ಸಾಲಾಗಿ ಗ್ರಾಫೈಟ್ ಆಗುವಂಥದ್ದು. ಇನ್ನೊಂದು, ಎಷ್ಟೇ ಕಾಯಿಸಿದರೂ ಒಪ್ಪದೇ ಇರುವಂಥದ್ದು. ಈ ಎರಡನೆಯದರಲ್ಲಿ ಕಾವು ಏರುವ ಮೊದಲೇ ಪದರಗಳ ನಡುವೆ ಅಡ್ಡಬಂಧಗಳು ಬಿದ್ದುಬಿಡುತ್ತವೆ. ಆಮೇಲೆ ಪದರಗಳು ಅಲುಗಾಡಲಾರವು. ಅಡ್ಡಾದಿಡ್ಡಿಯಾಗಿಯೇ ಉಳಿದು, ನಡುನಡುವೆ ನ್ಯಾನೊ ಗಾತ್ರದ ರಂಧ್ರಗಳನ್ನು ಉಳಿಸಿಕೊಳ್ಳುತ್ತವೆ. ಸಕ್ಕರೆಯ ಇದ್ದಿಲು ಈ ಜಾತಿಯದು.

ಸಕ್ಕರೆಯ ಇದ್ದಿಲನ್ನು ನಾನು ಪ್ರತಿವರ್ಷ ಮಕ್ಕಳ ಎದುರಿಗೆ ಮಾಡಿ ತೋರಿಸುತ್ತಿದ್ದೆ. ಬೀಕರಿನಲ್ಲಿ ಸಕ್ಕರೆ ಹಾಕಿ ಮೇಲೆ ಪ್ರಬಲ ಗಂಧಕಾಮ್ಲ ಹೊಯ್ದರೆ ಅದು ಮೊದಲು ಹಳದಿ, ಆಮೇಲೆ ಕಂದು. ಆಮೇಲೆ ಇದ್ದಕ್ಕಿದ್ದಂತೆ ಕರ್ರಗಿನ ಕಂಬವೊಂದು ಬುಸುಗುಡುತ್ತ ಬೀಕರಿನಾಚೆ ಎದ್ದುಬರುತ್ತದೆ. ತಣಿದ ಮೇಲೆ ಮುರಿದರೆ ಒಳಗೆಲ್ಲ ತೂತು. ಕಣ್ಣಿಗೆ ಕಾಣುವ ಆ ತೂತು ಅನಿಲ ಉಬ್ಬಿಸಿದ್ದು. ಫ್ರಾಂಕ್ಲಿನ್ ಲೆಕ್ಕ ಹಾಕಿದ್ದು ಯಾವ ಕಣ್ಣಿಗೂ ಕಾಣದ ತೂತನ್ನು.

1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅದರ ಮೈನಸ್ ತುದಿಗೆ, ಅಂದರೆ ಆನೋಡಿಗೆ, ಗ್ರಾಫೈಟೇ ಗತಿಯಾಯಿತು. ಸೋಡಿಯಂ ಮಾತ್ರ ಗ್ರಾಫೈಟಿನೊಳಕ್ಕೆ ಹೋಗುವುದೇ ಇಲ್ಲ ಎನ್ನಬೇಕು. ಅದರ ಅಯಾನು ದೊಡ್ಡದು, ಅದಕ್ಕೇ ಹೋಗದು ಎಂದು ಬರೆಯುವವರಿದ್ದಾರೆ. ನನಗೆ ಆ ವಿವರಣೆ ಒಪ್ಪಿಗೆಯಿಲ್ಲ, ಏಕೆಂದರೆ ಅದಕ್ಕಿಂತ ದೊಡ್ಡದಾದ ಪೊಟ್ಯಾಸಿಯಂ ಸಲೀಸಾಗಿ ಒಳಹೋಗುತ್ತದೆ. ಸೋಡಿಯಂ ಮತ್ತು ಗ್ರಾಫೈಟ್ ಕೂಡಿದ ಸಂಯುಕ್ತವೇ ಸ್ಥಿರವಲ್ಲ.

ದಾರಿ ತೆರೆದದ್ದು 2000ದಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ. ಸ್ಟೀವನ್ಸ್ ಮತ್ತು ಜೆಫ್ ಡಾನ್ ಗ್ಲೂಕೋಸನ್ನು 1000 ಡಿಗ್ರಿಗೂ ಮೇಲೆ ಕಾಯಿಸಿ ಇದ್ದಿಲು ಮಾಡಿದರು. ಗ್ರಾಂಗೆ ಸುಮಾರು 300 ಮಿಲಿಆಂಪಿಯರ್-ಗಂಟೆಯಷ್ಟು ಸೋಡಿಯಂ ಅದರೊಳಗೆ ಹಿಡಿಯಿತು. ಲಿಥಿಯಂಗೆ ಗ್ರಾಫೈಟ್ ಕೊಡಬಲ್ಲದ್ದು ಹೆಚ್ಚೆಂದರೆ 372. ಇದ್ದಿಲಿನ ಒಳರಚನೆಯನ್ನು ಅವರು ಇಸ್ಪೀಟೆಲೆಗಳ ಮನೆಗೆ ಹೋಲಿಸಿದರು. ಮೊದಲು ಎಲೆಗಳ ನಡುವೆ, ಕೊನೆಗೆ ಸಂದಿನ ರಂಧ್ರಗಳಲ್ಲಿ ಸೋಡಿಯಂ ತುಂಬುತ್ತದೆ ಎಂದರು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಜಗಳ ಆಮೇಲೂ ನಡೆದಿದೆ. ಆದರೆ ಗ್ರಾಫೈಟ್ ಬೇಕಾದವರು ಕಡೆಗಣಿಸಬಹುದಾಗಿದ್ದ ಜಾತಿಯೇ ಸೋಡಿಯಂಗೆ ಮನೆಯಾಯಿತು ಎಂಬುದರಲ್ಲಿ ಜಗಳವಿಲ್ಲ. ಇಂದು ಕಾರ್ಖಾನೆಗಳಲ್ಲಿ ಅದಕ್ಕೆ ಹಾರ್ಡ್ ಕಾರ್ಬನ್ ಎನ್ನುತ್ತಾರೆ.

ಇದ್ದಿಲೊಂದನ್ನೇ ನಂಬದೆ ಬೇರೆ ವಸ್ತು ಹುಡುಕಿದವರೂ ಇದ್ದಾರೆ. 2011ರಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಯುರೋಪಿನ ಸಹೋದ್ಯೋಗಿಗಳೊಡನೆ ಸೋಡಿಯಂ ಟೈಟನೇಟ್ ಸುಮಾರು 0.3 ವೋಲ್ಟಿನಲ್ಲೇ ಸೋಡಿಯಂ ಹಿಡಿಯುತ್ತದೆ ಎಂದು ತೋರಿಸಿದರು. ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ನಿಯೋಬಿಯಂ ಇರುವ ಫಾಸ್ಫೇಟ್ ಆನೋಡೊಂದನ್ನು ಕಟ್ಟಿತು. ಕಣಗಳನ್ನು ನ್ಯಾನೊ ಗಾತ್ರಕ್ಕಿಳಿಸಿ, ಇಂಗಾಲದ ತೆಳು ಹೊದಿಕೆ ಹೊದಿಸಿ, ತುಸು ಅಲ್ಯುಮಿನಿಯಂ ಬೆರೆಸಿದರು. ಆರು ನಿಮಿಷದಲ್ಲಿ 80% ಚಾರ್ಜ್ ಆಗುವ, 3000 ಸಲಕ್ಕೂ ಹೆಚ್ಚು ಬಾಳುವ ಬ್ಯಾಟರಿ ಇದು ಎಂದು 2025ರಲ್ಲಿ ಪ್ರಕಟವಾಯಿತು. ಈ ಆನೋಡು ಕೆಲಸ ಮಾಡುವುದು ಹಾರ್ಡ್ ಕಾರ್ಬನ್ನಿಗಿಂತ ಹೆಚ್ಚಿನ ವೋಲ್ಟೇಜಿನಲ್ಲಿ. ಹಾಗಾಗಿ ವೇಗ ಸಿಕ್ಕರೂ ಸೆಲ್ಲಿನ ಒಟ್ಟು ವೋಲ್ಟೇಜಿನಲ್ಲಿ ಒಂದಿಷ್ಟು ಬಿಟ್ಟುಕೊಡಬೇಕು. ಬೇಗ ಚಾರ್ಜ್ ಆಗಬೇಕಾದ ಕಡೆ ಇದು, ತೂಕಕ್ಕೆ ತಕ್ಕ ಶಕ್ತಿ ಬೇಕಾದ ಕಡೆ ಇದ್ದಿಲು ಎಂಬುದು ನನ್ನ ಅಂದಾಜು.