ಒಂದೇ ಮಣ್ಣಿನ ಮೂರು ಹೊಲಗಳು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಬಯಲನ್ನು ಡೆಲ್ಟಾ ಎಂದು ಕರೆಯುತ್ತಾರೆ. ಸಾವಿರಾರು ವರ್ಷಗಳ ನೆರೆ ತಂದು ಹಾಕಿದ ಮೆಕ್ಕಲು ಮಣ್ಣು ಅದು. ಆ ಬಯಲಿನಲ್ಲಿ ಸನ್‌ಫ್ಲವರ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಸಣ್ಣ ಜಿಲ್ಲೆಯ ಹಾಗೆ. ಹೆಸರು ಸೂರ್ಯಕಾಂತಿಯದಾದರೂ ಬೆಳೆ ಮಾತ್ರ ಹತ್ತಿ. 1970ರ ಹೊತ್ತಿಗೆ ಈ ಒಂದೇ ಕೌಂಟಿಯೊಳಗೆ ಮೂರು ಬಗೆಯ ಹೊಲಗಳಿದ್ದವು: ಒಬ್ಬ ಸೆನೆಟರ್‌ನ ಪ್ಲಾಂಟೇಶನ್, ಸರ್ಕಾರದ ಸೆರೆಮನೆ ಹೊಲ, ಮತ್ತು ಹೊಟ್ಟೆಗಿಲ್ಲದವರು ಕೂಡಿ ಕಟ್ಟಿಕೊಂಡ, ಯಾರ ಲಾಭಕ್ಕೂ ನಡೆಯದ ಒಂದು ಸಹಕಾರಿ ಹೊಲ. ಮೂರನೆಯದರ ಹೆಸರು ಫ್ರೀಡಂ ಫಾರ್ಮ್. ಅದು ಬದುಕಿದ್ದು ಏಳೆಂಟು ವರ್ಷ. ಆದರೂ ಅದರ ಬಗ್ಗೆ ಬರೆಯಬೇಕೆನ್ನಿಸಿದ್ದು, ಉಳಿದೆರಡು ಹೊಲಗಳ ಪಕ್ಕದಲ್ಲಿಟ್ಟು ನೋಡಿದಾಗ ಅದು ಕೇಳುವ ಪ್ರಶ್ನೆಗಾಗಿ. ಹೊಲ ಇರುವುದು ಏತಕ್ಕೆ?

ಮೊದಲನೆಯದು ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಪ್ಲಾಂಟೇಶನ್. ಡಾಡ್ಸ್‌ವಿಲ್ ಊರಿನ ಸುತ್ತ ಸಾವಿರಾರು ಎಕರೆ. ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಅಮೆರಿಕದ ಸೆನೆಟರ್ ಆಗಿದ್ದವರು. 1956ರಿಂದ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ, ಕಪ್ಪು ಜನರ ಹಕ್ಕಿನ ಮಸೂದೆಗಳನ್ನು ಅಲ್ಲಿಯೇ ಕೊಳೆಹಾಕುತ್ತಿದ್ದರು. ಹತ್ತಿಯ ಬೆಲೆ ಕುಸಿಯಬಾರದೆಂದು ಸರ್ಕಾರ ದೊಡ್ಡ ಜಮೀನ್ದಾರರಿಗೆ ಭೂಮಿ ಬೀಳು ಬಿಡಲು ಹಣ ಕೊಡುತ್ತಿತ್ತು. 1960ರ ದಶಕದ ಕೊನೆಯಲ್ಲಿ ಈಸ್ಟ್‌ಲ್ಯಾಂಡ್ ಕುಟುಂಬಕ್ಕೆ ಇಂಥ ಕೃಷಿ ಸಹಾಯಧನವೇ ವರ್ಷಕ್ಕೆ ಒಂದು ಲಕ್ಷ ಡಾಲರ್ ಮೀರಿ ಬರುತ್ತಿತ್ತು. ಅದೇ ಕೌಂಟಿಯಲ್ಲಿ ಕೂಲಿಯ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಹತ್ತಿ ಕಳೆ ಕಿತ್ತರೆ ಸಿಗುತ್ತಿದ್ದುದು 3 ಡಾಲರ್.

ಎರಡನೆಯದು ಪಾರ್ಚ್‌ಮನ್. 20ನೇ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರವೇ ಕಟ್ಟಿದ ಸೆರೆಮನೆ. ಗೋಡೆಗಿಂತ ಹೊಲವೇ ಹೆಚ್ಚು, ಸುಮಾರು 18,000 ಎಕರೆ. ಬಹುಪಾಲು ಕಪ್ಪು ಕೈದಿಗಳೇ ಅಲ್ಲಿ ಹತ್ತಿ ಬೆಳೆದು ಸರ್ಕಾರದ ಬೊಕ್ಕಸಕ್ಕೆ ಲಾಭ ತರುತ್ತಿದ್ದರು. 1961ರಲ್ಲಿ ಬಸ್ಸುಗಳಲ್ಲಿ ಕಪ್ಪು ಬಿಳಿ ಒಟ್ಟಿಗೆ ಕುಳಿತು ಬಂದ ಫ್ರೀಡಂ ರೈಡರ್ಸ್ ತರುಣರನ್ನು ಕೂಡಿಹಾಕಿದ್ದೂ ಇಲ್ಲಿಯೇ.

ಮೂರನೆಯ ಹೊಲವನ್ನು ಕಟ್ಟಿದವರು ಫ್ಯಾನಿ ಲೂ ಹೇಮರ್. 1917ರಲ್ಲಿ ಹುಟ್ಟಿದ ಆಕೆ 20 ಮಕ್ಕಳಲ್ಲಿ ಕೊನೆಯವರು. ತಂದೆ ತಾಯಿ ಪಾಲಿನ ಬೇಸಾಯದವರು. ನಮ್ಮಲ್ಲಿ ಕೋರು, ವಾರ ಎನ್ನುವ ಪದ್ಧತಿಯೇ ಅದು, ಜೊತೆಗೆ ಒಡೆಯನದೇ ಅಂಗಡಿ. ಬೀಜ, ಬಟ್ಟೆ, ಹಿಟ್ಟು ಎಲ್ಲ ಆ ಅಂಗಡಿಯ ಸಾಲ. ಸುಗ್ಗಿಯ ಕೊನೆಯಲ್ಲಿ ಲೆಕ್ಕ ಬರೆಯುವವನೂ ಒಡೆಯನೇ. ಹಾಗಾಗಿ ವರ್ಷವಿಡೀ ಗೇಯ್ದರೂ ಸಾಲವೇ ಉಳಿಯುತ್ತಿತ್ತು. ಫ್ಯಾನಿ ಲೂಗೆ ಆರು ವರ್ಷವಾಗಿದ್ದಾಗ ಒಡೆಯ ಬಂದು, ಇಷ್ಟು ಹತ್ತಿ ಬಿಡಿಸಿದರೆ ಅಂಗಡಿಯಿಂದ ತಿಂಡಿ ಕೊಡಿಸುತ್ತೇನೆ ಎಂದು ಆಸೆ ತೋರಿಸಿದ್ದನ್ನು ಆಕೆ ಮುಂದೆ ಅನೇಕ ಬಾರಿ ನೆನಪಿಸಿಕೊಂಡಿದ್ದಾರೆ. ತಿಂಡಿ ಸಿಕ್ಕಿತು, ಮರುವಾರದಿಂದ ದುಡಿಮೆಯೂ ಶುರುವಾಯಿತು.

ಕಪ್ಪು ಮಕ್ಕಳ ಶಾಲೆ ನಡೆಯುತ್ತಿದ್ದುದು ಹತ್ತಿಯ ಕೆಲಸವಿಲ್ಲದ ತಿಂಗಳುಗಳಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ. ಆರು ವರ್ಷದಷ್ಟು ಓದಿ ಆಕೆ ಶಾಲೆ ಬಿಟ್ಟರು. ಆದರೆ ಆ ಅಷ್ಟಿಷ್ಟು ಓದಿನಿಂದಲೇ 1944ರಲ್ಲಿ ರೂಲ್‌ವಿಲ್ ಬಳಿಯ ಪ್ಲಾಂಟೇಶನ್ ಒಂದರಲ್ಲಿ ಕೂಲಿಯವರ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಹತ್ತಿ ತೂಗುವ ತಕ್ಕಡಿಯಲ್ಲಿ ಮೋಸವಿರುತ್ತಿತ್ತು. ಮಾಲೀಕನಿಲ್ಲದ ಹೊತ್ತು ಆಕೆ ಅವನ ತೂಕದ ಕಲ್ಲು ತೆಗೆದು ತನ್ನದೇ ಸರಿಯಾದ ಕಲ್ಲು ಹಾಕಿ ತೂಗುತ್ತಿದ್ದರು. ಓದು ಬಂದವರು ಊರಿಗೆ ಏನು ಮಾಡಬಲ್ಲರು ಎಂಬುದಕ್ಕೆ ನನಗೆ ಇದಕ್ಕಿಂತ ನೇರವಾದ ಉದಾಹರಣೆ ಗೊತ್ತಿಲ್ಲ.

1962ರ ಆಗಸ್ಟ್ 31ರಂದು ಹೇಮರ್ ಇನ್ನೂ 17 ಜನರೊಂದಿಗೆ ಕೌಂಟಿ ಕೇಂದ್ರವಾದ ಇಂಡಿಯನೋಲಾಕ್ಕೆ ಮತದಾರರಾಗಿ ಹೆಸರು ಬರೆಸಲು ಹೋದರು. ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ಅರ್ಥ ಹೇಳುವ ಪರೀಕ್ಷೆಯಲ್ಲಿ ಅವರನ್ನು ನಪಾಸು ಮಾಡಿದರು. ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಹೆಸರು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಜಾಗ ಖಾಲಿ ಮಾಡು ಎಂದ ಒಡೆಯ. 18 ವರ್ಷ ದುಡಿದ ಜಾಗವನ್ನು ಆಕೆ ಅಂದೇ ರಾತ್ರಿ ಬಿಟ್ಟರು. ಮರುವರ್ಷ ವಿನೋನಾ ಎಂಬ ಊರಿನ ಜೈಲಿನಲ್ಲಿ ತಿಂದ ಹೊಡೆತ ಅವರನ್ನು ಕೊನೆಯವರೆಗೂ ಕಾಡಿತು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಟಿವಿ ಕ್ಯಾಮೆರಾಗಳ ಮುಂದೆ ಇದನ್ನೆಲ್ಲ ಹೇಳಿದ ಮೇಲೆ ದೇಶಕ್ಕೆ ಆಕೆಯ ಹೆಸರು ತಿಳಿಯಿತು. ಹೆಚ್ಚಿನ ಪಠ್ಯಗಳಲ್ಲಿ ಹೇಮರ್ ಕಥೆ ಇಲ್ಲಿಗೆ, ಮರುವರ್ಷ ಬಂದ ಮತದಾನ ಹಕ್ಕಿನ ಕಾಯ್ದೆಯೊಂದಿಗೆ, ಸುಖಾಂತವಾಗಿ ಮುಗಿಯುತ್ತದೆ.

ಊರಿನಲ್ಲಿ ಮುಗಿದಿರಲಿಲ್ಲ. ಹತ್ತಿ ಬಿಡಿಸುವ ಯಂತ್ರ ಆಗಲೇ ಬಂದಿತ್ತು, ಕಳೆನಾಶಕವೂ ಬಂದಿತು. 1967ರಲ್ಲಿ ಗಂಟೆಗೆ 1 ಡಾಲರ್ ಕನಿಷ್ಠ ಕೂಲಿಯ ಕಾನೂನು ದೊಡ್ಡ ಜಮೀನುಗಳಿಗೂ ಅನ್ವಯವಾದಾಗ, ಒಡೆಯರು ಕೂಲಿ ಹೆಚ್ಚಿಸುವ ಬದಲು ಕೂಲಿಯವರನ್ನೇ ಬಿಟ್ಟರು. ಸರ್ಕಾರ ಪುಕ್ಕಟೆ ಕೊಡುತ್ತಿದ್ದ ದಿನಸಿಯ ಜಾಗದಲ್ಲಿ ಆಹಾರ ಚೀಟಿ ಬಂತು. ಅದನ್ನು ಕೊಳ್ಳಲು ಮೊದಲು ಕೈಯಲ್ಲಿ ಕಾಸಿರಬೇಕು. ಕಾಸೇ ಇಲ್ಲದವರಿಗೆ ಚೀಟಿಯೂ ಇಲ್ಲ. ಮತ ಹಾಕಿದವರ ಕೆಲಸ ಹೋಗುತ್ತಿತ್ತು, ಕೆಲಸ ಹೋದವರ ಮನೆ ಹೋಗುತ್ತಿತ್ತು. ಜಗತ್ತಿನ ಅತ್ಯಂತ ಫಲವತ್ತಾದ ನೆಲಗಳಲ್ಲಿ ಒಂದರ ಮೇಲೆ ಮಕ್ಕಳು ಹಸಿದಿದ್ದರು. ಹಸಿವನ್ನು ಅಲ್ಲಿ ಲಾಠಿಯಂತೆ ಬಳಸಲಾಗುತ್ತಿತ್ತು ಎಂದರೆ ಅತಿಶಯವಲ್ಲ.

ಹೇಮರ್ ಇದಕ್ಕೆ ಕಂಡುಕೊಂಡ ಉತ್ತರ ಹಂದಿಯಿಂದ ಶುರುವಾಯಿತು. 1968ರಲ್ಲಿ ಡೊರತಿ ಹೈಟ್ ಮುಂದಾಳತ್ವದ ರಾಷ್ಟ್ರೀಯ ನೀಗ್ರೋ ಮಹಿಳಾ ಮಂಡಳಿ ಕೊಟ್ಟ ನಲವತ್ತು ಐವತ್ತು ಹಂದಿಗಳಿಂದ ಒಂದು 'ಹಂದಿ ಬ್ಯಾಂಕು' ತೆರೆದರು. ಗಬ್ಬದ ಹಂದಿಯನ್ನು ಒಂದು ಕುಟುಂಬಕ್ಕೆ ಕೊಡುವುದು, ಈದ ಮೇಲೆ ಮರಿಗಳು ಆ ಮನೆಗೆ, ತಾಯಿ ಹಂದಿ ಮರಳಿ ಬ್ಯಾಂಕಿಗೆ. ಹಳ್ಳಿಯಲ್ಲಿ ಪಾಲಿಗೆ ಕುರಿ ಮೇಯಿಸಲು ಕೊಡುವುದನ್ನು ನೋಡಿದವರಿಗೆ ಇದರ ಲೆಕ್ಕ ಹೊಸದಲ್ಲ. ಕೆಲವೇ ವರ್ಷಗಳಲ್ಲಿ ನೂರಾರು ಕುಟುಂಬಗಳ ಹಿತ್ತಲಿಗೆ ಮರಿಗಳು ಬಂದವು. ಹಿತ್ತಲಲ್ಲಿ ಹಂದಿಯೂ ಒಂದಿಷ್ಟು ತರಕಾರಿಯೂ ಇದ್ದವರನ್ನು ಯಾರೂ ಬೇಕೆಂದಾಗ ದಬ್ಬಲಾರರು ಎಂಬುದು ಆಕೆಯ ನಂಬಿಕೆ.

1969ರಲ್ಲಿ ಹೊಲ ಬಂತು, ಮೊದಲ ಖರೀದಿ 40 ಎಕರೆ. ಅಮೆರಿಕದ ಚರಿತ್ರೆಯಲ್ಲಿ ಈ ಸಂಖ್ಯೆಗೆ ಭಾರವಿದೆ. 1865ರಲ್ಲಿ, ಅಂತರ್ಯುದ್ಧದ ಕೊನೆಯಲ್ಲಿ, ಬಿಡುಗಡೆಯಾದ ಗುಲಾಮ ಕುಟುಂಬಗಳಿಗೆ 40 ಎಕರೆಯವರೆಗೆ ಭೂಮಿ ಕೊಡಲು ಜನರಲ್ ಶೆರ್ಮನ್ ಆದೇಶ ಹೊರಡಿಸಿದ್ದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ರದ್ದುಮಾಡಿ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದರು. ನೂರು ವರ್ಷ ದಾಟಿದ ಮೇಲೆ ಹೇಮರ್ ಅಷ್ಟೇ ನೆಲವನ್ನು ದಾನದ ಹಣದಿಂದ ಕೊಂಡರು. ಗಾಯಕ ಹ್ಯಾರಿ ಬೆಲಫಾಂಟೆ ನೆರವು ಕೂಡಿಸಿಕೊಟ್ಟರು, ವಿಸ್ಕಾನ್ಸಿನ್‌ನ ಮೆಷರ್ ಫಾರ್ ಮೆಷರ್ ಎಂಬ ಸಂಘ ಕೈಜೋಡಿಸಿತು. ಕೆಲವೇ ವರ್ಷಗಳಲ್ಲಿ ಹೊಲ 600 ಎಕರೆ ದಾಟಿತು. ಸದಸ್ಯತ್ವದ ಚಂದಾ ತಿಂಗಳಿಗೆ 1 ಡಾಲರ್. ಅದನ್ನೂ ತಪ್ಪದೆ ಕೊಡಬಲ್ಲ ಕುಟುಂಬಗಳು ಸುಮಾರು 30. ಹೆಸರಿಗೆ ಸೇರಿದವರು ಸುಮಾರು 1,500 ಕುಟುಂಬ. ಕೊಡಲಾಗದವರನ್ನು ಹೊರಗಿಡಲಿಲ್ಲ.

ಒಂದು ಪಾಲು ನೆಲದಲ್ಲಿ ಅಲಸಂದೆ, ಬೆಂಡೆ, ಸೊಪ್ಪು, ಜೋಳದಂಥ ಉಣ್ಣುವ ಬೆಳೆ. ದುಡಿಯಲಾಗದ ಮನೆಗಳಿಗೂ ಅದರಲ್ಲಿ ಭಾಗ. ಇನ್ನೊಂದು ಪಾಲಿನಲ್ಲಿ ಹತ್ತಿ ಮತ್ತು ಸೋಯಾ, ಭೂಮಿಯ ಕಂತು ಕಟ್ಟಲು. ಕೆಲಸ ಕಳೆದುಕೊಂಡವರಿಗೆ ಇಲ್ಲೇ ಕೂಲಿ ಸಿಕ್ಕಿತು. ಸಹಕಾರಿ ಹೊಲಿಗೆ ಘಟಕ, ಸಲಕರಣೆಗಳನ್ನು ಎರವಲು ಕೊಡುವ ಕೋಠಿ ಹುಟ್ಟಿಕೊಂಡವು. ಸರ್ಕಾರದ ಗೃಹಸಾಲ ಪಡೆಯಲು ಅರ್ಜಿ ತುಂಬಿಸಿ, ಮುಂಗಡಕ್ಕೆ ನೆರವಾಗಿ, ಹತ್ತಾರು ಕುಟುಂಬಗಳಿಗೆ ಸ್ವಂತ ಮನೆ ಮಾಡಿಸಿದರು. ಪ್ಲಾಂಟೇಶನ್ ಗುಡಿಸಲಿನಲ್ಲಿ ಹುಟ್ಟಿದವರಿಗೆ, ಮತ ಹಾಕಿದ್ದಕ್ಕೆ ಯಾರೂ ಹೊರಹಾಕಲಾಗದ ಮನೆ.

ಓದಿನ ವಿಷಯದಲ್ಲಿ ಹೊಲ ಎರಡು ರೀತಿ ನೆರವಾಯಿತು. ಪುಟ್ಟ ಮಕ್ಕಳ ಹೆಡ್ ಸ್ಟಾರ್ಟ್ ಶಾಲೆಗಳಿಗೂ, ಮುಂದೆ ಓದುವ ತರುಣರ ವಿದ್ಯಾರ್ಥಿವೇತನಕ್ಕೂ ಅದರ ಹಣ ಹೋಗುತ್ತಿತ್ತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಎರಡನೆಯದು. ಡೆಲ್ಟಾದಲ್ಲಿ ಮಕ್ಕಳನ್ನು ಶಾಲೆಯಿಂದ ಎಳೆಯುತ್ತಿದ್ದುದೇ ಹೊಲ. ಬೆಳೆಯ ಪಂಚಾಂಗಕ್ಕೆ ಶಾಲೆಯ ಪಂಚಾಂಗ ತಲೆಬಾಗುತ್ತಿತ್ತು. ಈಗ ಮೊದಲ ಬಾರಿಗೆ ಒಂದು ಹೊಲ ಮಕ್ಕಳನ್ನು ಶಾಲೆಗೆ ಕಳಿಸಲು ಬೆಳೆ ಬೆಳೆಯಿತು.

ಆದರೆ ಲೆಕ್ಕ ನಿಲ್ಲಲಿಲ್ಲ. 1971ರಲ್ಲಿ ಸುಂಟರಗಾಳಿ ಡೆಲ್ಟಾವನ್ನು ಬಡಿಯಿತು. ಬರ, ಅತಿಮಳೆ ಸೇರಿ ನಂತರದ ಬೆಳೆಗಳೂ ಕೆಟ್ಟವು. ಸಂಕಷ್ಟಕ್ಕೆ ಸಿಕ್ಕವರಿಗೆ ನೆರವಾಗಲು ಹೊಲ ತನ್ನ ಹಣವನ್ನೇ ಖರ್ಚು ಮಾಡಿತು, ಭೂಮಿಯ ಕಂತು ಬಾಕಿ ಬಿತ್ತು. ದಾನಿಗಳ ಗಮನ ಬೇರೆಡೆ ಸರಿಯಿತು. ಹೇಮರ್ ಕಾಯಿಲೆ ಬಿದ್ದರು. ಭಾಷಣಕ್ಕೆ ಹೋಗಿ ಹಣ ತರುತ್ತಿದ್ದವರು ಮಲಗಿದ ಮೇಲೆ ತರುವವರಿರಲಿಲ್ಲ. ಒಬ್ಬರ ಹೆಸರಿನ ಬಲದ ಮೇಲೆ ನಿಂತ ಸಂಸ್ಥೆಯ ದೌರ್ಬಲ್ಯ ಇದು, ಇದನ್ನು ಮುಚ್ಚಿಡಬೇಕಾಗಿಲ್ಲ. 1976ರಲ್ಲಿ ಭೂಮಿ ಕೈಬಿಟ್ಟಿತು. 1977ರ ಮಾರ್ಚ್ 14ರಂದು ಹೇಮರ್ ತೀರಿಕೊಂಡರು.

ಹಾಗಾದರೆ ಫ್ರೀಡಂ ಫಾರ್ಮ್ ಸೋತಿತೇ? ಬ್ಯಾಂಕಿನ ಪುಸ್ತಕದ ಪ್ರಕಾರ ಹೌದು. ಆದರೆ ಈಸ್ಟ್‌ಲ್ಯಾಂಡ್ ಅವರ ಹೊಲ ಬಿತ್ತದೇ ಬಿಟ್ಟ ಎಕರೆಗಳಿಗೂ ಸರ್ಕಾರದ ಹಣದಿಂದ ನಿಂತಿತ್ತು. ಪಾರ್ಚ್‌ಮನ್ ನಿಂತದ್ದು ಕೂಲಿ ಕೊಡದ ದುಡಿಮೆಯಿಂದ. ಮೂರರಲ್ಲಿ ಬರ ಬಂದಾಗ ಬೀಳಲು ಬಿಟ್ಟದ್ದು ಒಂದನ್ನೇ. ಹೊರಗಿನ ಆಸರೆಯಿಲ್ಲದೆ ಉಳಿಯಲಾಗದ್ದು ಸೋಲಾದರೆ ಉಳಿದೆರಡನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ, ಕಲ್ಲು ಬದಲಿಸದೆ. ಇಂದಿನ ಸಮುದಾಯ ಕೃಷಿ ಸಂಘಗಳ ವರದಿಗಳಲ್ಲಿ 'ಸ್ವಾವಲಂಬಿಯಾಗಲಿಲ್ಲ' ಎಂಬ ತೀರ್ಪನ್ನು ಓದಿದಾಗಲೆಲ್ಲ ನನಗೆ ಈ ಕೌಂಟಿ ನೆನಪಾಗುತ್ತದೆ.

ಪಾರ್ಚ್‌ಮನ್ ಇಂದಿಗೂ ಸೆರೆಮನೆಯೇ. ಹಂದಿ ಬ್ಯಾಂಕಿನ ಮರಿಗಳು ಉಂಡು ಮುಗಿದು ದಶಕಗಳೇ ಆದವು. ಅವುಗಳನ್ನು ತಿಂದು ಶಾಲೆಗೆ ಹೋದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿರುವ ವಯಸ್ಸಿನವರು. ಹೇಮರ್ ಸಮಾಧಿ ರೂಲ್‌ವಿಲ್‌ನಲ್ಲಿದೆ, ಒಂದು ಕಾಲಕ್ಕೆ ಫ್ರೀಡಂ ಫಾರ್ಮ್‌ಗೆ ಸೇರಿದ್ದ ನೆಲದಲ್ಲಿ.